ಸ್ಟೀಲ್ ಗಿಟಾರ್ ವಾಲ್ಯೂಮ್ ಪೆಡಲ್‌ಗೆ ಯಾವ ಪಾಟ್ ಹಾಕಬೇಕು? ಹಾಕಿ ನೋಡಿದವುಗಳ ಹೋಲಿಕೆ

ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರೇ ಸ್ಟೀಲ್ ಗಿಟಾರ್. ಅದನ್ನು ನುಡಿಸುವವರ ಬಲಗಾಲಿಗೆ ಬಿಡುವೇ ಇಲ್ಲ. ಮಾಮೂಲಿ ಗಿಟಾರ್‌ನವರು ವಾಲ್ಯೂಮ್ ಪೆಡಲನ್ನು ಆಗೊಮ್ಮೆ ಈಗೊಮ್ಮೆ ಮುಟ್ಟುತ್ತಾರೆ. ನಮ್ಮಲ್ಲಿ ಹಾಗಲ್ಲ. ತಂತಿ ಮೀಟುವಾಗ ಪೆಡಲ್ ಅರ್ಧದ ಹತ್ತಿರ ಇರುತ್ತದೆ. ಸ್ವರ ಇಳಿಯುತ್ತಾ ಹೋದ ಹಾಗೆ ಕಾಲು ಅದನ್ನು ನಿಧಾನವಾಗಿ ಮುಂದಕ್ಕೆ ಒತ್ತುತ್ತದೆ. ತಂತಿಯ ದನಿ ಇಳಿದಷ್ಟೂ ಪೆಡಲ್ ತುಂಬಿಕೊಡುತ್ತದೆ. ಕೇಳುವವರಿಗೆ ಸ್ವರ ಹಾಗೇ ನಿಂತಿದೆ ಅನ್ನಿಸುತ್ತದೆ. ನ್ಯಾಶ್‌ವಿಲ್‌ನ ಬಡ್ಡಿ ಎಮ್ಮನ್ಸ್, ಲಾಯ್ಡ್ ಗ್ರೀನ್ ಅಂಥವರ ವಾದನದಲ್ಲಿ ಆ ಮುಗಿಯದ ಎಳೆತ ಕೇಳುತ್ತದಲ್ಲ, ಅದರಲ್ಲಿ ಕೈಯಷ್ಟೇ ಕಾಲಿನ ಕೆಲಸವೂ ಇದೆ.

ಇಷ್ಟೆಲ್ಲ ತುಳಿತವನ್ನು ತಡೆದುಕೊಳ್ಳುವುದು ಪೆಡಲ್ ಒಳಗಿನ ಒಂದು ಪಾಟ್, ಅಂದರೆ ಪೊಟೆನ್ಶಿಯೋಮೀಟರ್. ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಇದ್ದ ಹಾಗೇ ಅದು. ಆದರೆ ರೇಡಿಯೋದ್ದನ್ನು ದಿನಕ್ಕೆ ಎರಡು ಸಲ ತಿರುಗಿಸುತ್ತೇವೆ. ಇದನ್ನು ಒಂದು ಹಾಡಿನಲ್ಲೇ ನೂರಾರು ಸಲ ತಿರುಗಿಸುತ್ತೇವೆ. ಅದೂ ಪೂರ್ತಿ ಅಲ್ಲ, ನಡುವಿನ ಒಂದಿಷ್ಟು ಜಾಗದಲ್ಲೇ ಹಿಂದೆ ಮುಂದೆ. ಅದಕ್ಕೇ ಪಾಟ್ ಒಳಗಿನ ಕಾರ್ಬನ್ ಹಾದಿ ಎರಡು ತುದಿಯಲ್ಲಿ ಹೊಸದರ ಹಾಗೆ ಇದ್ದು, ನಡುವೆ ಮಾತ್ರ ಸವೆದಿರುತ್ತದೆ. ಕರಕರ ಸದ್ದು ಶುರುವಾಗುವುದೂ ಅಲ್ಲೇ, ನಮಗೆ ಅತಿ ಬೇಕಾದ ಜಾಗದಲ್ಲೇ.

ನನ್ನದು ಹತ್ತು ತಂತಿಯ, ಒಂದೇ ನೆಕ್‌ನ ಪೆಡಲ್ ಸ್ಟೀಲ್ (ಶ್ರುತಿ ಬದಲಿಸುವ ಪೆಡಲ್‌ಗಳಿರುವ ಸ್ಟೀಲ್ ಗಿಟಾರ್), ಇ9 ಶ್ರುತಿ. ಜೊತೆಗೆ ತೊಡೆಯ ಮೇಲೆ ಇಟ್ಟುಕೊಂಡು ನುಡಿಸುವ ಒಂದು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ಕೂಡ ಇದೆ. ಇರುವುದು ಬೆಂಗಳೂರಿನಲ್ಲಿ. ವಾಲ್ಯೂಮ್ ಪೆಡಲ್ ಅಮೆರಿಕದ್ದು, ದಾರದಿಂದ ಪಾಟ್ ತಿರುಗಿಸುವ ಬಗೆಯದ್ದು. ಮುಂಗಾಲು ಒತ್ತಿದರೆ ದಾರ ಪಾಟನ್ನು ಎಳೆಯುತ್ತದೆ. ಹಿಮ್ಮಡಿ ಒತ್ತಿದರೆ ಒಂದು ಸ್ಪ್ರಿಂಗ್ ವಾಪಸ್ ಎಳೆಯುತ್ತದೆ. ಪಾಟ್‌ನ ಶಾಫ್ಟ್ ಮೇಲೆ ಒಂದು ಹಿತ್ತಾಳೆ ಬುಷ್, ಅದನ್ನು ಹಿಡಿದಿಡಲು ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ, ಬುಷ್‌ನ ಸುತ್ತ ದಾರ. ಅದರ ಪಾಟ್ ಕೆಟ್ಟ ಮೇಲೆ ಒಂದಾದ ಮೇಲೊಂದು ಬೇರೆ ಬೇರೆ ಪಾಟ್ ಹಾಕಿ ನುಡಿಸಿದೆ. ಕೇಬಲ್ ಅದೇ, ಆಂಪ್ ಅದೇ. ಪರೀಕ್ಷೆಯೂ ಅದೇ: 12ನೇ ಫ್ರೆಟ್ ಮೇಲೆ ಬಾರ್ ಇಟ್ಟು 4, 5, 6ನೇ ತಂತಿ ಒಟ್ಟಿಗೆ ಮೀಟುವುದು, ಆ ಮೇಜರ್ ಕಾರ್ಡ್ ಸಾಯುವ ತನಕ ಪೆಡಲಿನಿಂದ ಹಿಡಿದು ನಿಲ್ಲಿಸುವುದು. ಹತ್ತು ಸೆಕೆಂಡಿನಲ್ಲಿ ಪಾಟ್‌ನ ಗುಣ ಎಲ್ಲ ಹೊರಗೆ ಬರುತ್ತದೆ.

ಮೊದಲು ಸ್ಪ್ರೇ ವಿಷಯ ಮುಗಿಸುತ್ತೇನೆ. ಕರಕರ ಬಂದ ಕೂಡಲೇ ಎಲ್ಲರೂ ಹೇಳುವುದು ಕಾಂಟ್ಯಾಕ್ಟ್ ಕ್ಲೀನರ್. ಸದ್ದು ಧೂಳಿನಿಂದ ಬಂದಿದ್ದರೆ ಅದು ಕೆಲಸ ಮಾಡುತ್ತದೆ. ಹಾದಿಯೇ ಸವೆದಿದ್ದರೆ ಕೆಲವು ವಾರ ತಣ್ಣಗಿದ್ದು ಮತ್ತೆ ಶುರುವಾಗುತ್ತದೆ. ಇನ್ನೊಂದು ಸಂಗತಿ ಇದೆ. ಶಾಫ್ಟ್‌ನ ಕತ್ತಿನಲ್ಲಿ ಗಟ್ಟಿ ಗ್ರೀಸ್ ಇರುತ್ತದೆ. ಪಾಟ್ ಹದವಾಗಿ, ಒಂದೇ ಸಮ ತಿರುಗುವುದು ಅದರಿಂದ. ಸ್ಪ್ರೇ ಅದನ್ನೂ ತೊಳೆದುಹಾಕುತ್ತದೆ. ಆಮೇಲೆ ಕಾಲಿಗೆ ಪೆಡಲ್ ಒಣಗಿದ ಹಾಗೆ ಸಿಗುತ್ತದೆ. ನಾಳೆ ಕಾರ್ಯಕ್ರಮ ಇದ್ದರೆ ಸ್ಪ್ರೇ ಹೊಡೆಯಿರಿ. ಇಲ್ಲದಿದ್ದರೆ ಪಾಟ್ ಬದಲಿಸಿ.

ಎಸ್.ಪಿ. ರೋಡ್ ಪಾಟ್

ಬೆಂಗಳೂರಿನಲ್ಲಿ ಪಾಟ್ ಅಂದರೆ ಎಸ್.ಪಿ. ರೋಡ್. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೆ ಬೇಕು ಸಾರ್?" ಕೆ ಅಂದರೆ ಸಾವಿರ ಓಮ್. 500ಕೆ ಅಥವಾ 470ಕೆ ಸಿಗುತ್ತದೆ, ಎರಡೂ ನಡೆಯುತ್ತವೆ. ಲಾಗ್ ಬೇಕು ಅಂತ ನೀವೇ ಹೇಳಬೇಕು, ಇಲ್ಲದಿದ್ದರೆ ಕೈಗೆ ಬರುವುದು ಲೀನಿಯರ್. ತಿರುಗಿಸಿದಷ್ಟೇ ಸಮವಾಗಿ ಏರುವುದು ಲೀನಿಯರ್, ಮೊದಲು ನಿಧಾನವಾಗಿ ಏರುವುದು ಲಾಗ್; ವಿವರ ಮುಂದೆ ಇದೆ. ಬೆಲೆ ನೂರು ರೂಪಾಯಿಯೊಳಗೆ.

ಸಮಸ್ಯೆ ಬೆಲೆಯದ್ದಲ್ಲ, ಅಳತೆಯದ್ದು. ಅಮೆರಿಕದ ಪೆಡಲ್ ಎಲ್ಲ ಇಂಚಿನ ಲೆಕ್ಕ. ಪಾಟ್ ಕೂರುವ ತೂತು ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು 9.5 ಮಿಲಿಮೀಟರ್. ಶಾಫ್ಟ್ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ನಮ್ಮಲ್ಲಿ ಸಿಗುವ ಚಿಕ್ಕ ಪಾಟ್‌ಗೆ 7 ಮಿಲಿಮೀಟರ್ ಕತ್ತು, 6 ಮಿಲಿಮೀಟರ್ ಶಾಫ್ಟ್. ಕತ್ತು ತೂತಿನಲ್ಲಿ ಅಲ್ಲಾಡುತ್ತದೆ. ಅದಕ್ಕೆ ಎರಡೂ ಕಡೆ ವಾಷರ್ ಇಟ್ಟು ಬಿಗಿ ಮಾಡಬಹುದು. ಶಾಫ್ಟ್ ಕಷ್ಟ. ಬುಷ್‌ನ ಒಳಗೆ ಅದು ಸಡಿಲ. ಪಕ್ಕದ ಸ್ಕ್ರೂ ಬಿಗಿ ಮಾಡಿದರೆ ಶಾಫ್ಟ್ ಒಂದು ಪಕ್ಕಕ್ಕೆ ಒತ್ತಿಕೊಂಡು ಕೂರುತ್ತದೆ. ಪಾಟ್ ತಿರುಗುವಾಗ ಬುಷ್ ಓರೆಯಾಗಿ ಸುತ್ತುತ್ತದೆ. ದಾರ ಒಮ್ಮೆ ಬಿಗಿ, ಒಮ್ಮೆ ಸಡಿಲ.

ಇದಕ್ಕೆ ಒಳ್ಳೆ ಉಪಾಯ ಕೂಲ್‌ಡ್ರಿಂಕ್ ಕ್ಯಾನ್. ಕ್ಯಾನ್‌ನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ. ಬುಷ್‌ನ ಉದ್ದಕ್ಕೆ ಸರಿಯಾಗಿ ಒಂದು ಪಟ್ಟಿ ಕತ್ತರಿಸಿ. ಅಂಚನ್ನು ಮರಳು ಕಾಗದದಲ್ಲಿ ತಿಕ್ಕಿ. ಶಾಫ್ಟಿಗೆ ಒಂದು ಸುತ್ತು ಸುತ್ತಿ ಬುಷ್ ಒಳಗೆ ತೂರಿಸಿ. ಸಡಿಲ ಬಹುಪಾಲು ಹೋಗುತ್ತದೆ. ಪಟ್ಟಿಯ ಎರಡು ತುದಿ ಸೇರುವ ಜಾಗ ಸ್ಕ್ರೂ ಕೆಳಗೆ ಬರದ ಹಾಗೆ ನೋಡಿಕೊಳ್ಳಿ. ಅಲ್ಲಿ ಬಂದರೆ ಸ್ಕ್ರೂ ತಗಡನ್ನು ಎಬ್ಬಿಸಿಬಿಡುತ್ತದೆ.

ಕೂರಿಸಿದ ಮೇಲೆ ದನಿ ಹೇಗಿತ್ತು? ನಿಜ ಹೇಳಬೇಕು ಅಂದರೆ, ಚೆನ್ನಾಗಿತ್ತು. ಪಾಟ್ ಹೊಸದಿದ್ದಾಗ ಅಗ್ಗದ್ದು ಯಾವುದು, ದುಬಾರಿ ಯಾವುದು ಅಂತ ಕಿವಿಗೆ ಹೇಳಲು ಆಗುವುದಿಲ್ಲ. ರೆಸಿಸ್ಟೆನ್ಸ್ ಅಷ್ಟೇ ಇದ್ದರೆ ದನಿಯೂ ಅಷ್ಟೇ. ವ್ಯತ್ಯಾಸ ತಿಳಿಯುವುದು ಕಾಲಿಗೆ, ಮತ್ತು ತಿಂಗಳುಗಳು ಕಳೆದ ಮೇಲೆ. ಅಗ್ಗದ ಪಾಟ್ ತೀರಾ ಹಗುರ ತಿರುಗುತ್ತದೆ, ಕಾಲಿಗೆ ಏನೂ ತಡೆ ಸಿಗುವುದಿಲ್ಲ. ಒಳಗೆ ತೆಳುವಾಗಿ ಬಳಿದ ಕಾರ್ಬನ್ ಬೇಗ ಸವೆಯುತ್ತದೆ. ನನ್ನ ಪೆಡಲ್‌ನಲ್ಲಿ ಮಳೆಗಾಲ ಬರುವ ಮೊದಲೇ ನಡುವಿನಲ್ಲಿ ಕರಕರ ಮತ್ತೆ ಶುರುವಾಯಿತು. ಪೆಡಲ್ ಸ್ಟೀಲ್‌ಗೆ ಇದು ಸಾಲುವುದಿಲ್ಲ. ಭಜನೆಗೋ ಆರ್ಕೆಸ್ಟ್ರಾಗೋ ಹವಾಯಿಯನ್ ಗಿಟಾರ್ ನುಡಿಸುವವರು ಪೆಡಲನ್ನು ಇಷ್ಟು ತುಳಿಯುವುದಿಲ್ಲ. ಅವರಿಗೆ ಧಾರಾಳ ಸಾಕು. ಎರಡು ತಂದಿಟ್ಟುಕೊಳ್ಳಿ, ಒಂದು ಹೋದರೆ ಇನ್ನೊಂದು ಹಾಕಿ.

ಗಿಟಾರ್ ಪಾಟ್

ಎಲೆಕ್ಟ್ರಿಕ್ ಗಿಟಾರ್ ಒಳಗೆ ಹಾಕುವ 24 ಮಿಲಿಮೀಟರ್ ಪಾಟ್, ಉದಾಹರಣೆಗೆ ಸಿಟಿಎಸ್ ಕಂಪನಿಯದ್ದು, ಅಳತೆಯಲ್ಲಿ ಸರಿಯಾಗಿ ಕೂರುತ್ತದೆ. ಕತ್ತು, ಶಾಫ್ಟ್ ಎರಡೂ ಇಂಚಿನ ಲೆಕ್ಕದವು. ಕೊಳ್ಳುವಾಗ ಶಾಫ್ಟ್ ಗಟ್ಟಿಯದ್ದೇ ಇರಲಿ. ಗಿಟಾರ್‌ಗೆ ಜಾಸ್ತಿ ಮಾರಾಟವಾಗುವುದು ಹಲ್ಲು ಕೊರೆದ, ನಡುವೆ ಸೀಳಿದ ಶಾಫ್ಟ್. ಅದರ ಮೇಲೆ ಪಕ್ಕದ ಸ್ಕ್ರೂ ಬಿಗಿ ಮಾಡಿದರೆ ಸೀಳು ಒಳಕ್ಕೆ ಬಾಗುತ್ತದೆ, ಹಿಡಿತ ನಿಲ್ಲುವುದಿಲ್ಲ.

ಈ ಪಾಟ್ ನನಗೆ ಇಷ್ಟವಾಯಿತು. ತಿರುಗುವುದು ಹದವಾಗಿದೆ. ಸ್ಪ್ರಿಂಗ್ ಸಲೀಸಾಗಿ ವಾಪಸ್ ಎಳೆಯುತ್ತದೆ. ಬೆಂಗಳೂರಿನ ದೊಡ್ಡ ವಾದ್ಯದ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ, ಅಮೆರಿಕದಿಂದ ಬರುವವರಿಗಾಗಿ ಕಾಯಬೇಕಿಲ್ಲ. 500ಕೆ ಅಂತ ಬರೆದದ್ದು ಮೀಟರ್‌ನಲ್ಲಿ 430 ತೋರಿಸಿದರೆ ಗಾಬರಿ ಬೇಡ. ಶೇಕಡ 20 ಹೆಚ್ಚು ಕಮ್ಮಿ ಈ ವರ್ಗದಲ್ಲಿ ಮಾಮೂಲಿ. ಆದರೆ ಇದನ್ನು ಮಾಡಿರುವುದು ಕಾಲಿಗಲ್ಲ, ಕೈಗೆ. ಮೇಲಿನ ಡಬ್ಬಿ ಪೂರ್ತಿ ಮುಚ್ಚಿರುವುದಿಲ್ಲ, ಟರ್ಮಿನಲ್ ಪಕ್ಕದ ಸಂದಿಯಿಂದ ಧೂಳು ಒಳಗೆ ಹೋಗುತ್ತದೆ. ನೆಲದ ಮೇಲೆ, ಚಪ್ಪಲಿಯ ಕೆಳಗೆ ಇರುವ ವಸ್ತುವಿಗೆ ಇದು ಸಣ್ಣ ಮಾತಲ್ಲ.

ಎರಡು ವ್ಯಾಟ್‌ನ ದಪ್ಪ ಪಾಟ್

ಹಳೆಯ ಸ್ಟೀಲ್ ವಾದಕರು ಪಾಟ್ ಅಂದರೆ ನೆನೆಸಿಕೊಳ್ಳುವುದು ಅಲೆನ್-ಬ್ರ್ಯಾಡ್ಲಿ ಟೈಪ್ ಜೆ. ಮಿಲ್ವಾಕಿಯ ಕಂಪನಿ ಅದು, 1985ರಲ್ಲಿ ರಾಕ್‌ವೆಲ್ ಅದನ್ನು ಕೊಂಡಿತು. ಟೈಪ್ ಜೆ ಈಗ ತಯಾರಾಗುವುದಿಲ್ಲ. ಹಳೆಯ ದಾಸ್ತಾನು ಮಾತ್ರ ಅಲ್ಲಲ್ಲಿ ಸಿಗುತ್ತದೆ. ಅದೇ ಬಗೆಯದ್ದನ್ನು ಕೆನಡಾದ ಪಿಇಸಿ ಮಾಡುತ್ತದೆ. ಅಮೆರಿಕದ ಸೈನ್ಯದ ಮಾನದಂಡದಲ್ಲಿ ಈ ಗಾತ್ರದ ಹೆಸರು ಆರ್‌ವಿ4.

ಇದರ ವಿಶೇಷ ಒಳಗಿದೆ. ಸಾದಾ ಪಾಟ್‌ನಲ್ಲಿ ಕಾರ್ಬನ್ ಅನ್ನು ಬಣ್ಣದ ಹಾಗೆ ತೆಳುವಾಗಿ ಬಳಿದಿರುತ್ತಾರೆ. ಇದರಲ್ಲಿ ಕಾರ್ಬನ್ ಹಾದಿ, ಅದರ ಕೆಳಗಿನ ತಳ, ಟರ್ಮಿನಲ್ ಎಲ್ಲವನ್ನೂ ಬಿಸಿಯಲ್ಲಿ ಒತ್ತಿ ಒಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಹಾದಿ ದಪ್ಪ. ಅದರ ಮೇಲೆ ಓಡುವುದು ತಗಡಿನ ಬೆರಳಲ್ಲ, ಕಾರ್ಬನ್‌ನ ಬ್ರಷ್. ಉಜ್ಜಿದಷ್ಟೂ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಎರಡು ವ್ಯಾಟ್ ಅನ್ನುವುದು ನಮಗೆ ಬೇಕಿಲ್ಲ, ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್‌ನಿಂದ ಬರುವುದು ಅದರ ಸಾವಿರದ ಒಂದಂಶವೂ ಅಲ್ಲ. ನಾವು ದುಡ್ಡು ಕೊಡುವುದು ಗಟ್ಟಿತನಕ್ಕೆ.

ತರಿಸುವಾಗ ಒಂದು ಅಕ್ಷರದ ಮೇಲೆ ಕಣ್ಣಿಡಿ. ಸಾದಾ ಪಾಟ್‌ನಲ್ಲಿ "ಎ" ಅಂದರೆ ಲಾಗ್, "ಬಿ" ಅಂದರೆ ಲೀನಿಯರ್. ಆರ್‌ವಿ4 ಪಾಟ್‌ನ ನಂಬರಿನ ಕೊನೆಯಲ್ಲಿ "504ಎ" ಅಂತ ಇದ್ದರೆ ಅದು ಲೀನಿಯರ್. 504 ಅಂದರೆ 50ರ ಮುಂದೆ ನಾಲ್ಕು ಸೊನ್ನೆ, ಐದು ಲಕ್ಷ ಓಮ್, ಅಂದರೆ ನಮ್ಮ 500ಕೆ. ಅದರ ಪಕ್ಕದ "ಎ" ಸೈನ್ಯದ ಮಾನದಂಡದ ಗುರುತು. ಅದರಲ್ಲಿ ಲಾಗ್‌ಗೆ "ಸಿ". ಮಾರುವವರಲ್ಲೂ ಎಷ್ಟೋ ಜನ ಇದನ್ನು ತಲೆಕೆಳಗು ಹೇಳುತ್ತಾರೆ. ಶಾಫ್ಟ್‌ನ ಉದ್ದವನ್ನೂ ನೋಡಿ. ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಮೋಟು ಶಾಫ್ಟ್‌ನವು ಇದರಲ್ಲಿ ಬಹಳ, ಅದಕ್ಕೆ ಬುಷ್ ಕೂರುವುದಿಲ್ಲ.

ನಾನು ಹಳೆಯ ದಾಸ್ತಾನಿನ ಟೈಪ್ ಜೆ, ಹೊಸ ಆರ್‌ವಿ4 ಎರಡನ್ನೂ ಹಾಕಿ ನೋಡಿದೆ, ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸಿಕೊಂಡು. ಎರಡರದ್ದೂ ಮೊದಲ ತೊಂದರೆ ಬಿಗಿ. ಧೂಳು, ತೇವ ಒಳಗೆ ಹೋಗದ ಹಾಗೆ ಕಟ್ಟಿದ ಪಾಟ್ ಬಿಗಿಯಾಗೇ ತಿರುಗುತ್ತದೆ. ಹಳೆಯದರಲ್ಲಿ ದಶಕಗಳಿಂದ ಕೂತ ಗ್ರೀಸ್ ಬೇರೆ ಗಟ್ಟಿಯಾಗಿತ್ತು. ನನ್ನ ಪೆಡಲ್‌ನಲ್ಲಿ ಮುಂದೆ ಒತ್ತಲು ಏನೂ ಕಷ್ಟವಿಲ್ಲ, ಕಾಲಿನ ಬಲ ದಾರದ ಮೇಲೆ ನೇರ ಬೀಳುತ್ತದೆ. ವಾಪಸ್ ಬರುವಾಗ ಎಳೆಯಬೇಕಾದ್ದು ಸ್ಪ್ರಿಂಗ್. ಬಿಗಿ ಪಾಟ್ ಆದರೆ ಅದು ಹಿಂದೆ ಬೀಳುತ್ತದೆ. ಹಿಮ್ಮಡಿ ಇಳಿಸಿದ ಮೇಲೆ ದನಿ ಒಂದು ಗಳಿಗೆ ತಡವಾಗಿ ಇಳಿಯುತ್ತದೆ. ನಿಧಾನದ ಹಾಡಿನಲ್ಲಿ ತೊಂದರೆ ಇಲ್ಲ. ಬೇಗ ಬೇಗ ಸ್ವರ ಕತ್ತರಿಸುವ ಕಡೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ಮದ್ದು ತಾಳ್ಮೆ. ಪಾಟನ್ನು ಪೆಡಲಿಗೆ ಹಾಕುವ ಮೊದಲು ಶಾಫ್ಟಿಗೆ ಒಂದು ಗುಂಡಿ ಹಾಕಿಕೊಂಡು ಟಿವಿ ನೋಡುತ್ತಾ ಆಚೆ ಈಚೆ ತಿರುಗಿಸುತ್ತಾ ಕೂತೆ. ಹೊಸ ಪಾಟ್ ಸಾಕಷ್ಟು ಸಡಿಲವಾಯಿತು, ಬ್ರಷ್ ಹಾದಿಗೆ ಕೂತುಕೊಂಡಿತು. ಹಳೆಯದು ಅಷ್ಟಾಗಿ ಬಗ್ಗಲಿಲ್ಲ. ಪೆಡಲ್‌ನ ಸ್ಪ್ರಿಂಗನ್ನು ಸ್ವಲ್ಪ ಗಟ್ಟಿಯದ್ದಕ್ಕೆ ಬದಲಾಯಿಸಿದ ಮೇಲೆ ಅದೂ ಹೊಂದಿಕೊಂಡಿತು. ಕಡಿಮೆ ಬಿಗಿಯದ್ದು ಅಂತ ಬರೆದದ್ದು ಸಿಕ್ಕರೆ ಎರಡು ಮಾತಿಲ್ಲದೆ ಅದನ್ನೇ ತೆಗೆದುಕೊಳ್ಳಿ. ಹಲ್ಲಿನ ಚಕ್ರದಿಂದ ತಿರುಗುವ ಪೆಡಲ್ ಇರುವವರಿಗೆ ಈ ಚಿಂತೆ ಇಲ್ಲ, ಅಲ್ಲಿ ಎರಡೂ ಕಡೆಗೆ ಎಳೆಯುವುದು ಕಾಲೇ.

ಹೊಂದಿಕೊಂಡ ಮೇಲೆ ಈ ಪಾಟ್ ಕೊಡುವ ಸುಖ ಬೇರೆ ಯಾವುದೂ ಕೊಡಲಿಲ್ಲ. ಕಾಲಿಗೆ ಒಂದು ಭಾರ ಸಿಗುತ್ತದೆ. ಕಾರ್ಡ್ ಇಳಿಯುತ್ತಿರುವಾಗ ಕೂದಲೆಳೆಯಷ್ಟು ಒತ್ತಬೇಕು, ಹಗುರ ಪಾಟ್‌ನಲ್ಲಿ ಅದು ಜಾಸ್ತಿ ಹೋಗಿಬಿಡುತ್ತದೆ. ಇಲ್ಲಿ ಎಷ್ಟು ಬೇಕೋ ಅಷ್ಟೇ ಹೋಗುತ್ತದೆ.

ಲಾಗ್ ಮತ್ತು ಲೀನಿಯರ್

ಬ್ರ್ಯಾಂಡ್‌ಗಿಂತ ಮುಖ್ಯವಾದ ಆಯ್ಕೆ ಇದು. ನನ್ನ ಕೇಳಿದರೆ ಪಾಟ್ ಕೊಳ್ಳುವಾಗ ಮೊದಲು ತೀರ್ಮಾನ ಮಾಡಬೇಕಾದ್ದೇ ಇದನ್ನು. ಒಂದೇ ತಯಾರಿಯ ಎರಡು ಆರ್‌ವಿ4, ಒಂದು ಲಾಗ್, ಒಂದು ಲೀನಿಯರ್, ಹಾಕಿ ನೋಡಿದಾಗ ಬೇರೆ ಬೇರೆ ಪೆಡಲ್‌ಗಳ ಮೇಲೆ ಕಾಲಿಟ್ಟ ಹಾಗಿತ್ತು.

ಲೆಕ್ಕ ಹೀಗಿದೆ. ಲೀನಿಯರ್ ಪಾಟ್ ಅರ್ಧ ತಿರುಗಿದಾಗ ಸಿಗ್ನಲ್ ಅರ್ಧ, ಅಂದರೆ ಪೂರ್ತಿಗಿಂತ 6 ಡೆಸಿಬೆಲ್ ಕಡಿಮೆ. ಸಾಮಾನ್ಯ ಲಾಗ್ ಪಾಟ್ ಅರ್ಧ ತಿರುಗಿದಾಗ ಸುಮಾರು ಶೇಕಡ 15 ಮಾತ್ರ ಹೊರಗೆ ಬರುತ್ತದೆ, ಅಂದರೆ ಪೂರ್ತಿಗಿಂತ ಸುಮಾರು 16.5 ಡೆಸಿಬೆಲ್ ಕಡಿಮೆ. ಸ್ವರವನ್ನು ಎಳೆದು ನಿಲ್ಲಿಸಲು ನಮಗೆ ಬೇಕಾದ್ದು ಮೇಲಿನ 12 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಲೀನಿಯರ್‌ನಲ್ಲಿ ಅದು ತಿರುಗುವ ದಾರಿಯ ಮುಕ್ಕಾಲು ಭಾಗದ ಮೇಲೆ ಹರಡಿಕೊಂಡಿರುತ್ತದೆ. ಲಾಗ್‌ನಲ್ಲಿ ಮೇಲಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜಾಗದಲ್ಲಿ ಸೇರಿಕೊಂಡಿರುತ್ತದೆ.

ಕಾಗದದ ಮೇಲೆ ನೋಡಿದರೆ ಲೀನಿಯರ್ರೇ ಒಳ್ಳೆಯದು, ಅಲ್ವಾ? ಜಾಸ್ತಿ ದಾರಿ, ಜಾಸ್ತಿ ನಯ. ಆದರೆ ಕಾಲಿನ ಕೀಲು ಬೇರೆ ಲೆಕ್ಕ ಹೇಳುತ್ತದೆ. ಲೀನಿಯರ್‌ನಲ್ಲಿ 12 ಡೆಸಿಬೆಲ್ ಕೈಯಲ್ಲಿ ಉಳಿಸಿಕೊಂಡು ಸ್ವರ ಶುರು ಮಾಡಬೇಕು ಅಂದರೆ ಪೆಡಲ್ ಕಾಲು ಭಾಗದಲ್ಲಿ ಇರಬೇಕು. ಅಂದರೆ ಪಾದದ ಮುಂಭಾಗ ಮೇಲಕ್ಕೆ ಎದ್ದಿರಬೇಕು. ಕುರ್ಚಿಯಲ್ಲಿ ಕೂತು, ಎಡಗಾಲು ಶ್ರುತಿ ಬದಲಿಸುವ ಪೆಡಲ್‌ಗಳ ಮೇಲೆ ಇದ್ದು, ಮೊಣಕಾಲು ಲೀವರ್‌ಗಳನ್ನು ತಳ್ಳುತ್ತಿರುವಾಗ ಬಲಪಾದವನ್ನು ಹಾಗೆ ಎತ್ತಿ ಹಿಡಿದರೆ ಕಣಕಾಲು ಬೇಗ ಸೋಲುತ್ತದೆ. ಲಾಗ್‌ನಲ್ಲಿ ಅದೇ ದಾಸ್ತಾನು ಪೆಡಲ್ ಅರ್ಧಕ್ಕಿಂತ ಸ್ವಲ್ಪ ಮುಂದೆ ಇರುವಾಗಲೇ ಸಿಗುತ್ತದೆ. ಪಾದ ಹೆಚ್ಚು ಕಡಿಮೆ ನೆಲಕ್ಕೆ ಸಮ. ಅಲ್ಲಿಂದ ಮುಂದೆ ಪುಟ್ಟ ಚಲನೆ ಸಾಕು. ಜೊತೆಗೆ, ಮೌನದಿಂದ ಸ್ವರವನ್ನು ಮೆಲ್ಲಗೆ ಎಬ್ಬಿಸುವ ಕಡೆ ಲಾಗ್ ಮೃದುವಾಗಿ ಏಳುತ್ತದೆ. ಲೀನಿಯರ್ ಕೆಳಗಿನ ತುದಿಯಲ್ಲಿ ತಟ್ಟನೆ ತೆರೆದುಕೊಳ್ಳುತ್ತದೆ, ಸ್ವರ ಹುಟ್ಟುವುದು ಕೇಳಿಸುವುದಿಲ್ಲ, ಬಂದು ನಿಂತದ್ದು ಮಾತ್ರ ಕೇಳಿಸುತ್ತದೆ. ಪೆಡಲ್ ಸ್ಟೀಲ್‌ಗೆ ನನ್ನ ಮತ ಲಾಗ್‌ಗೆ.

ಹವಾಯಿಯನ್ ಗಿಟಾರ್‌ಗೆ ಮಾತ್ರ ಲೀನಿಯರ್ ಹಿಡಿಸಿತು. ನಮ್ಮ ದೇಶದಲ್ಲಿ ಈ ವಾದ್ಯದ ದಾರಿಯೇ ಬೇರೆ. 1940ರ ದಶಕದಲ್ಲಿ ಹವಾಯಿ ಕಡೆಯ ಟೌ ಮೋ ಕುಟುಂಬ ಕೋಲ್ಕತ್ತಾದಲ್ಲಿ ಇದ್ದು ನುಡಿಸಿತು, ಕಲಿಸಿತು. ವ್ಯಾನ್ ಶಿಪ್ಲೆ ಅದರಲ್ಲಿ ಸಿನಿಮಾ ಹಾಡುಗಳನ್ನು ನುಡಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ರಾಗಕ್ಕೆ ಒಗ್ಗಿಸಿದರು. ನಮ್ಮಲ್ಲಿ ಅದು ಹಾಡುವ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಲ್ಲ ಎಡಗೈಯಲ್ಲಿ. ಪೆಡಲ್ ಬೇಕಾದ್ದು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಸ್ವಲ್ಪ ಏರಿಸಲು, ಇಳಿಸಲು. ಆ ಸಣ್ಣ ಏರಿಳಿತಕ್ಕೆ ಲೀನಿಯರ್‌ನ ಉದ್ದ ದಾರಿ ಹಿತವಾಗಿದೆ.

ಕಂಡಕ್ಟಿವ್ ಪ್ಲಾಸ್ಟಿಕ್

ಸವೆತ ಒಂದನ್ನೇ ನೋಡಿದರೆ ಗೆಲ್ಲುವುದು ಇದೇ. ಹಾದಿಯಲ್ಲಿ ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್, ಗಾಜಿನ ಹಾಗೆ ನುಣುಪು. ಎಷ್ಟು ಸಲ ತಿರುಗಿಸಬಹುದು ಅನ್ನುವ ಆಯಸ್ಸನ್ನು ತಯಾರಕರು ಸಾದಾ ಪಾಟ್‌ಗೆ ಸಾವಿರಗಳಲ್ಲಿ ಹೇಳಿದರೆ ಇದರದ್ದನ್ನು ಲಕ್ಷಗಳಲ್ಲಿ ಹೇಳುತ್ತಾರೆ. ಸದ್ದೇ ಇಲ್ಲ. ಆಂಪ್ ಜೋರಾಗಿ ಇಟ್ಟು ಪೆಡಲ್ ಆಡಿಸಿದರೂ ಏನೂ ಕೇಳಿಸುವುದಿಲ್ಲ.

ಕೊರತೆ ಎರಡು. ಬೆಸುಗೆ ಹಾಕುವಾಗ ಜಾಗ್ರತೆ ಬೇಕು, ಜಾಸ್ತಿ ಹೊತ್ತು ಬಿಸಿ ಕೊಟ್ಟರೆ ಟರ್ಮಿನಲ್ ಹಿಡಿದ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಟರ್ಮಿನಲ್ ಮತ್ತು ತಂತಿಗೆ ಮೊದಲೇ ಬೇರೆ ಬೇರೆಯಾಗಿ ಸೀಸ ಹಚ್ಚಿಟ್ಟುಕೊಂಡು, ಆಮೇಲೆ ಎರಡು ಸೆಕೆಂಡಿನಲ್ಲಿ ಸೇರಿಸಿಬಿಡಿ. ಇನ್ನೊಂದು, 500ಕೆ, ಲಾಗ್, ಕಾಲು ಇಂಚಿನ ಶಾಫ್ಟ್ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ನನಗೆ ಸಿಕ್ಕಿದ್ದು ಲೀನಿಯರ್. ಕಾಲಿಗೆ ಅದು ರೇಷ್ಮೆ. ಆದರೆ ಮೇಲೆ ಹೇಳಿದ ಕಾರಣಕ್ಕೆ ಅದು ಹವಾಯಿಯನ್ ಗಿಟಾರ್‌ನ ಪೆಡಲಿಗೆ ಹೋಯಿತು, ಅಲ್ಲಿ ಇವತ್ತಿಗೂ ಹೊಸದರ ಹಾಗೇ ಇದೆ.

250ಕೆ ಬೇಡ, ಬಫರ್ ಬೇಕಾದರೆ ಇರಲಿ

ಗಿಟಾರ್ ವಾಲ್ಯೂಮ್ ಪೆಡಲ್‌ಗಳಲ್ಲಿ 250ಕೆ ಬಹಳ. ಸ್ಟೀಲ್‌ನವರು ಯಾಕೆ 500ಕೆ ಕೇಳುತ್ತಾರೆ? ಪೆಡಲ್ ಸ್ಟೀಲ್‌ನ ಪಿಕಪ್‌ನಲ್ಲಿ ಸುತ್ತು ಜಾಸ್ತಿ. ಮೀಟರ್ ಇಟ್ಟರೆ 16ರಿಂದ 20 ಕಿಲೋಓಮ್ ತೋರಿಸುವುದು ಸಾಮಾನ್ಯ. ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್ ಇದರ ಅರ್ಧವೂ ಇರುವುದಿಲ್ಲ. ಎಷ್ಟೋ ಸ್ಟೀಲ್‌ಗಳಲ್ಲಿ ವಾದ್ಯದ ಮೇಲೆ ವಾಲ್ಯೂಮ್, ಟೋನ್ ಗುಂಡಿಯೇ ಇರುವುದಿಲ್ಲ. ಪಿಕಪ್‌ನಿಂದ ನೇರ ಪೆಡಲ್‌ಗೆ. ಹಾಗಾಗಿ ಪೆಡಲ್‌ನ ಪಾಟೇ ಪಿಕಪ್ ಹೊರುವ ಹೊರೆ. ಸಿಗ್ನಲ್ ಒಳಗೆ ಬರುವ ಕಡೆ 10 ಲಕ್ಷ ಓಮ್ ಇರುವ ಆಂಪ್ ಜೊತೆಗೆ 500ಕೆ ಸೇರಿದರೆ ಹೊರೆ ಸುಮಾರು 333 ಕಿಲೋಓಮ್. 250ಕೆ ಸೇರಿದರೆ 200. ಆ ವ್ಯತ್ಯಾಸ ಮೇಲಿನ ತಂತಿಗಳ ಹೊಳಪಿನಲ್ಲಿ ಚೆನ್ನಾಗೇ ಕೇಳಿಸಿತು. 250ಕೆ ಹಾಕಿದಾಗ 3ನೇ ತಂತಿಗೆ ಕಂಬಳಿ ಹೊದಿಸಿದಂತಿತ್ತು.

ಆದರೆ 500ಕೆಗೂ ಒಂದು ಬೆಲೆ ಇದೆ. ಪಾಟ್‌ನ ರೆಸಿಸ್ಟೆನ್ಸ್ ಸರಿಯಾಗಿ ಅರ್ಧ ಅರ್ಧ ಹಂಚಿಕೊಂಡ ಜಾಗದಲ್ಲಿ ಅದರ ಹೊರಗಿನ ಇಂಪಿಡೆನ್ಸ್ ಸುಮಾರು 125 ಕಿಲೋಓಮ್. ಲಾಗ್ ಪಾಟ್‌ನಲ್ಲಿ ಈ ಜಾಗ ಬರುವುದು ಮುಕ್ಕಾಲಿನ ಹತ್ತಿರ, ಪಾದ ಸದಾ ಇರುವ ಕಡೆಯೇ. ಅಲ್ಲಿಂದ ಆಂಪ್‌ಗೆ ಹೋಗುವ ಕೇಬಲ್‌ನ ಕೆಪ್ಯಾಸಿಟೆನ್ಸ್ ಒಂದು ಮೀಟರ್‌ಗೆ 100 ಪಿಕೋಫ್ಯಾರಡ್ ಅಂತ ಹಿಡಿದರೆ, 3 ಮೀಟರ್ ಕೇಬಲ್‌ನಲ್ಲಿ 4 ಕಿಲೋಹರ್ಟ್ಸ್ ಆಸುಪಾಸಿನಿಂದ ಟ್ರೆಬಲ್ ಇಳಿಯುತ್ತದೆ. 6 ಮೀಟರ್ ಆದರೆ 2 ಕಿಲೋಹರ್ಟ್ಸ್‌ನಿಂದಲೇ. ಪೆಡಲ್ ಪೂರ್ತಿ ಒತ್ತಿದಾಗ ಹೊಳೆಯುವ ದನಿ ಸ್ವಲ್ಪ ಹಿಂದೆ ಬಂದರೆ ಮಂಕಾಗುವುದು ಇದರಿಂದ. ಯಾವ ಒಳ್ಳೆ ಪಾಟ್ ಹಾಕಿದರೂ ಇದು ಹೋಗುವುದಿಲ್ಲ. ಪೆಡಲ್‌ನಿಂದ ಆಂಪ್‌ಗೆ ಹೋಗುವ ಕೇಬಲ್ ಚಿಕ್ಕದು ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಖರ್ಚಿಲ್ಲದ ಸುಧಾರಣೆ, ಮೊದಲು ಇದನ್ನು ಮಾಡಿ ನೋಡಿ.

ಪೂರ್ತಿ ಪರಿಹಾರ ಬೇಕು ಅಂದರೆ ಪಾಟ್‌ಗೆ ಮೊದಲು ಒಂದು ಬಫರ್ (ಪಿಕಪ್ ಮೇಲೆ ಹೊರೆ ಬೀಳದ ಹಾಗೆ ನಡುವೆ ನಿಲ್ಲುವ ಪುಟ್ಟ ಸರ್ಕ್ಯೂಟ್) ಹಾಕಿ, 500ಕೆ ತೆಗೆದು 25ಕೆ ಪಾಟ್ ಹಾಕುವುದು. ಒಂದು ಟಿಎಲ್071 ಐಸಿ, ನಾಲ್ಕಾರು ರೆಸಿಸ್ಟರ್, ಕೆಪ್ಯಾಸಿಟರ್, 9 ವೋಲ್ಟ್ ಬ್ಯಾಟರಿ. ಎಲ್ಲವೂ ಎಸ್.ಪಿ. ರೋಡ್‌ನಲ್ಲೇ ಸಿಗುತ್ತದೆ. ಪಿಕಪ್‌ಗೆ 10 ಲಕ್ಷ ಓಮ್‌ನ ಹಗುರ ಹೊರೆ. ಪಾಟ್‌ನ ಹೊರಗಿನ ಇಂಪಿಡೆನ್ಸ್ ಹೆಚ್ಚೆಂದರೆ 6 ಕಿಲೋಓಮ್ ಆಸುಪಾಸು. 6 ಮೀಟರ್ ಕೇಬಲ್ ಹಾಕಿದರೂ ಕಿವಿಗೆ ಕೇಳುವಷ್ಟು ಏನೂ ಹೋಗುವುದಿಲ್ಲ. ಪೆಡಲ್ ಎಲ್ಲಿದ್ದರೂ ದನಿಯ ಬಣ್ಣ ಒಂದೇ. ಮೊದಲ ಸಲ ಕೇಳಿದಾಗ ಬೆರಗಾಯಿತು. ಬಫರ್‌ನಿಂದ ಪಾಟ್‌ಗೆ ಹೋಗುವ ದಾರಿಯಲ್ಲಿ ಡಿಸಿ ತಡೆಯುವ ಕೆಪ್ಯಾಸಿಟರ್ ಒಳ್ಳೆಯದಿರಲಿ. ಡಿಸಿ ಚೂರು ಸೋರಿ ಪಾಟ್ ಮೇಲೆ ಬಂದರೆ ಹೊಚ್ಚ ಹೊಸ ಪಾಟ್ ಕೂಡ ಕರಕರ ಅನ್ನುತ್ತದೆ.

ಆದರೂ ನಾನು ಅದನ್ನು ಇಟ್ಟುಕೊಳ್ಳಲಿಲ್ಲ. ಬಫರ್ ಇಲ್ಲದ ಪೆಡಲ್ ಹಿಂದಕ್ಕೆ ಬಂದಾಗ ದನಿ ಚೂರು ಮಂಕಾಗುತ್ತದೆ, ಮುಂದೆ ಹೋದ ಹಾಗೆ ತೆರೆದುಕೊಳ್ಳುತ್ತದೆ. ಮೀಟಿದ ಕ್ಷಣದ ಚುರುಕು ಅದರಿಂದ ಹದಕ್ಕೆ ಬರುತ್ತದೆ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ನಾನು ಕೇಳಿ ಪ್ರೀತಿಸಿದ ಸ್ಟೀಲ್ ದನಿಯಲ್ಲಿ ಅದು ಇದೆ. ಚಿಕ್ಕ ಕೇಬಲ್ ಇದ್ದರೆ ಆ ಮಂಕು ಹಿತವಾದ ಅಳತೆಯಲ್ಲೇ ನಿಲ್ಲುತ್ತದೆ. ದೊಡ್ಡ ವೇದಿಕೆಯಲ್ಲಿ ಉದ್ದ ಕೇಬಲ್ ಎಳೆಯಲೇಬೇಕಾದವರು ಬಫರ್ ಕಡೆಗೇ ಹೋಗಿ.

ಪಾಟೇ ಇಲ್ಲದ ಪೆಡಲ್ ಕೂಡ ಇದೆ. ಅಮೆರಿಕದ ಹಿಲ್ಟನ್ ಪೆಡಲ್‌ನಲ್ಲಿ ಇನ್‌ಫ್ರಾರೆಡ್ ಬೆಳಕು ಆ ಕೆಲಸ ಮಾಡುತ್ತದೆ, ಉಜ್ಜುವ ಭಾಗವೇ ಇಲ್ಲ. ಗೆಳೆಯರದ್ದನ್ನು ತುಳಿದು ನೋಡಿದ್ದೇನೆ, ಬಹಳ ನಯ. ಆದರೆ ಅದು ಪಾಟ್ ಬದಲಿಸುವ ಮಾತಲ್ಲ, ಪೆಡಲನ್ನೇ ಬದಲಿಸುವ ಮಾತು. ಗೋಡೆಯ ಪ್ಲಗ್ ಹತ್ತಿರವೂ ಇರಬೇಕು.

ಕೂರಿಸುವಾಗ

ಈಗ ನನ್ನ ಪೆಡಲ್ ಸ್ಟೀಲ್‌ನ ಪೆಡಲಿನಲ್ಲಿ ಇರುವುದು ಹೊಸ ಆರ್‌ವಿ4, 500ಕೆ, ಲಾಗ್. ಬ್ಯಾಗಿನಲ್ಲಿ ಒಂದು ಗಿಟಾರ್ ಪಾಟ್ ಕೂಡ ಇರುತ್ತದೆ, ಹೊರ ಊರಿನಲ್ಲಿ ಏನಾದರೂ ಆದರೆ ಬೇಕಾಗುತ್ತದೆ ಅಂತ.

ನೀವು ಬದಲಿಸುವುದಾದರೆ ಹಳೆಯದನ್ನು ಬಿಚ್ಚುವ ಮೊದಲು ದಾರ ಸುತ್ತಿರುವ ದಿಕ್ಕಿನ ಫೋಟೋ ತೆಗೆದುಕೊಳ್ಳಿ. ಪೆಡಲ್ ಒಳಗೆ ಕೈ ಹಾಕಲು ಜಾಗ ಕಮ್ಮಿ, ನೆನಪಿನ ಮೇಲೆ ಸುತ್ತಿದರೆ ತಲೆಕೆಳಗಾಗುವುದು ಸುಲಭ. ಹೊಸ ಪಾಟ್‌ನ ನಡುವಿನ ಟರ್ಮಿನಲ್ ಹೊರಗೆ ಹೋಗುವ ಜ್ಯಾಕ್‌ಗೆ, ಪೂರ್ತಿ ಜೋರಿನ ಕಡೆಯದ್ದು ಒಳಗೆ ಬರುವ ಜ್ಯಾಕ್‌ಗೆ, ಇನ್ನೊಂದು ಗ್ರೌಂಡ್‌ಗೆ. ಡಬ್ಬಿ ಲೋಹದ್ದಾದರೆ ಅದಕ್ಕೂ ಗ್ರೌಂಡ್ ಕೊಡಿ, ಇಲ್ಲದಿದ್ದರೆ ಕಾಲಿಟ್ಟಾಗ ಗುಂಯ್ ಅನ್ನುತ್ತದೆ. ಬುಷ್ ಸ್ಕ್ರೂವನ್ನು ಕೊನೆಗೆ ಬಿಗಿ ಮಾಡಿ. ಮೊದಲು ಪೆಡಲನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಪಾಟನ್ನು ಪೂರ್ತಿ ಸೊನ್ನೆಗೆ ತಿರುಗಿಸಿ, ಅಲ್ಲಿಂದ ಕೂದಲಷ್ಟು ಮುಂದೆ ತಂದು ಸ್ಕ್ರೂ ಬಿಗಿಯಿರಿ. ಸರಿಯಾಗಿ ಸೊನ್ನೆಯಲ್ಲೇ ಬಿಗಿದರೆ ಹಿಮ್ಮಡಿ ಒತ್ತಿದಾಗಲೆಲ್ಲ ಪಾಟ್‌ನ ಕೊನೆಯ ತಡೆಗೆ ಪೆಟ್ಟು ಬೀಳುತ್ತದೆ. ಆ ತಡೆ ಸಣ್ಣ ತಗಡು. ಅದು ಬಾಗಿದರೆ ಹಾದಿ ಚೆನ್ನಾಗಿದ್ದೂ ಪಾಟ್ ಬಿಸಾಡಬೇಕಾಗುತ್ತದೆ.

ದಾರವನ್ನೂ ಅದೇ ಹೊತ್ತಿಗೆ ಬದಲಿಸಿಬಿಡಿ. ಹಿಗ್ಗದ, ಹೆಣೆದ ದಾರ ಬೇಕು. ಮೀನು ಹಿಡಿಯುವ ಹೆಣೆದ ದಾರ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್‌ನ ಒಂಟಿ ಎಳೆ ಬೇಡ, ಅದು ಹಿಗ್ಗುತ್ತದೆ, ಬುಷ್ ಮೇಲೆ ಜಾರುತ್ತದೆ. ಗಂಟಿನ ಮೇಲೆ ಒಂದು ಹನಿ ಅಂಟು ಹಾಕಿ ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಮೊದಲ ಸಲ ತುಳಿಯುವಾಗ ಆಂಪ್‌ನ ವಾಲ್ಯೂಮ್ ಕಮ್ಮಿ ಇರಲಿ.